ತಂಬಿಗೆ ಹಿಡಿದು ನಿಂತವಳು

ನಮ್ಮ ಕಡೆ ಸಿಂಹಕ್ಕೆ ನೆರಳಿರುವುದಿಲ್ಲ. ಹಿರೇಕೆರೂರಿನ ಒಬ್ಬ ಗುತ್ತಿಗೆದಾರರ ಹುಟ್ಟುಹಬ್ಬದ ವಿಡಿಯೊದಲ್ಲಿ ನಾನೇ ಕಣ್ಣಾರೆ ನೋಡಿದ್ದೇನೆ. ಗುತ್ತಿಗೆದಾರರು ಬಿಳಿ ಅಂಗಿ ತೊಟ್ಟು ಮನೆಯ ಗೇಟು ದಾಟಿ ಹೊರಗೆ ಬರುತ್ತಾರೆ, ಪಕ್ಕದಲ್ಲಿ ಸಿಂಹ ಬರುತ್ತದೆ. ಮಧ್ಯಾಹ್ನದ ಬಿಸಿಲು. ಗುತ್ತಿಗೆದಾರರ ನೆರಳು ಕಾಲಡಿ ಬಿದ್ದಿದೆ, ಗೇಟಿನ ನೆರಳು ಬಿದ್ದಿದೆ, ಅಲ್ಲೇ ಮಲಗಿದ್ದ ಬೀದಿನಾಯಿಯ ನೆರಳೂ ಬಿದ್ದಿದೆ. ಸಿಂಹದ್ದು ಮಾತ್ರ ಇಲ್ಲ. ಅದು ನೆಲದಿಂದ ಗೇಣು ಮೇಲೆ ತೇಲಿಕೊಂಡು ಬರುತ್ತದೆ. ನಾಯಿ ಬೊಗಳುವುದಿರಲಿ, ಕಣ್ಣು ಕೂಡ ತೆರೆಯುವುದಿಲ್ಲ. ಇದನ್ನು ಊರ ತುಂಬ ಮೊಬೈಲಿಗೆ ಹಂಚಿ, ಕೆಳಗೆ "ನಮ್ಮ ಸಾಹುಕಾರ್ರು ಹುಲಿ ಅದಾರ ಹುಲಿ" ಎಂದು ಬರೆದಿದ್ದರು. ಸಿಂಹ ಯಾವುದು, ಹುಲಿ ಯಾವುದು ಎನ್ನುವುದೇ ಗೊತ್ತಿಲ್ಲದವರ ಹತ್ತಿರ ನೆರಳಿನ ಮಾತು ತೆಗೆಯುವುದು ನನ್ನದೇ ಹುಚ್ಚು.

ಹಾನಗಲ್ ಬಸ್ ಸ್ಟ್ಯಾಂಡಿನ ಎದುರು, ಒಂದು ಝೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾನು ವಿಡಿಯೊ ಎಡಿಟಿಂಗ್ ಮಾಡುತ್ತೇನೆ. ನನ್ನ ವಿಶೇಷವೇನೆಂದರೆ, ಕಂಪ್ಯೂಟರಿನಲ್ಲಿ ಕಟ್ಟಿದ ಆಕೃತಿಯನ್ನು ನಿಜವಾಗಿ ಶೂಟ್ ಮಾಡಿದ ದೃಶ್ಯದೊಳಗೆ ನಿಲ್ಲಿಸುವುದು. ಆನೆ, ಕುದುರೆ, ನವಿಲು, ಹೂವಿನ ಕಮಾನು, ಇನ್ನೂ ಕಟ್ಟದ ಮನೆ, ಏನು ಬೇಕಾದರೂ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ತಾಲೂಕಿನ ಫೋಟೊಗ್ರಾಫರರು ತಮ್ಮ ಕಾರ್ಡು, ಹಾರ್ಡ್ ಡಿಸ್ಕು ತಂದು ನನ್ನ ಮೇಜಿನ ಮೇಲೆ ಸುರಿದು ಹೋಗುತ್ತಾರೆ. ಹೋಗುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು.

"ಏನ್ರಿ ಅಕ್ಕಾರ, ಬಟನ್ ಒತ್ತಿದ್ರ ಬರ್ತೈತಲ್ಲ, ಯಾಕ ಇಷ್ಟ ತಡಾ ಮಾಡ್ತೀರಿ?"

ಬರುತ್ತದಪ್ಪ, ಬರುತ್ತದೆ. ಬಟನ್ ಒತ್ತಿದರೆ ನೆರಳಿಲ್ಲದ ಸಿಂಹ ಬರುತ್ತದೆ. ಅದನ್ನೇ ಒಯ್ದು ಪೂಜೆ ಮಾಡಿರಿ.

ಕ್ಯಾಮೆರಾ ಹಿಡಿದವನ ಕೈ ಅಲುಗಿದಂತೆ ನನ್ನ ಆಕೃತಿಯೂ ಅಲುಗಬೇಕು, ಇಲ್ಲದಿದ್ದರೆ ಅದು ನೆಲ ಬಿಟ್ಟು ಜಾರುತ್ತದೆ. ನೆಲದ ಮೇಲೆ ಕಣ್ಣಿಗೆ ಕಾಣದ ಒಂದು ಹಾಳೆ ಹಾಸಬೇಕು. ಆ ಹಾಳೆ ಬೇರೇನನ್ನೂ ತೋರಿಸದೆ ನೆರಳನ್ನಷ್ಟೇ ಹಿಡಿದುಕೊಳ್ಳುತ್ತದೆ. ನೆರಳೆಂದರೆ ಕರಿಬಣ್ಣ ಬಳಿಯುವುದಲ್ಲ. ಪಾದದ ಹತ್ತಿರ ಅಂಚು ಚೂಪಾಗಿರುತ್ತದೆ, ದೂರ ಹೋದಂತೆ ಮಸುಕಾಗುತ್ತದೆ. ಕೆಂಪು ಮಣ್ಣಿನ ಅಂಗಳವಾದರೆ ಧೋತರದ ಕೆಳಗಿನ ಅಂಚಿಗೆ ಒಂದಿಷ್ಟು ಕೆಂಪು ಹತ್ತಬೇಕು. ಇಷ್ಟೆಲ್ಲ ಮಾಡಿದ ಮೇಲೆ ಗಿರಾಕಿ ಬಂದು ನೋಡುವುದೇನು? ತನ್ನ ಮುಖ. ನೆಲ ನೋಡುವವನು ಈ ನಾಲ್ಕು ತಾಲೂಕಿನಲ್ಲಿ ಯಾವನೂ ಹುಟ್ಟಿಲ್ಲ.

ಬೆಳಕು ಎಲ್ಲಿಂದ ಬರುತ್ತಿದೆ ಎಂದು ತಿಳಿಯುವುದಕ್ಕೆ ದೊಡ್ಡ ಊರಿನವರು ಕನ್ನಡಿಯಂತೆ ಹೊಳೆಯುವ ಒಂದು ಗುಂಡು ಇಟ್ಟುಕೊಂಡಿರುತ್ತಾರೆ. ನನ್ನದು ಸ್ಟೀಲಿನ ತಂಬಿಗೆ. ಆಕೃತಿ ಎಲ್ಲಿ ನಿಲ್ಲಬೇಕೋ ಆ ಜಾಗದಲ್ಲಿ ಯಾರಾದರೊಬ್ಬರ ಕೈಗೆ ತಂಬಿಗೆ ಕೊಟ್ಟು ನಿಲ್ಲಿಸಿ, ಸ್ವಲ್ಪ ಹೊತ್ತು ಶೂಟ್ ಮಾಡಿಕೊಂಡು ಬನ್ನಿ ಎಂದು ಫೋಟೊಗ್ರಾಫರರಿಗೆ ಹೇಳಿದ್ದೇನೆ. ತಂಬಿಗೆಯ ಹೊಟ್ಟೆಯಲ್ಲಿ ಆಕಾಶ, ಹಂದರದ ಬಟ್ಟೆ, ಎದುರಿನ ಗೋಡೆ ಎಲ್ಲ ಕಾಣುತ್ತವೆ. ಹಿಡಿದು ನಿಂತವರ ನೆರಳು ಎತ್ತ ಬಿತ್ತು, ಎಷ್ಟುದ್ದ ಬಿತ್ತು ಎಂಬುದೂ ಗೊತ್ತಾಗುತ್ತದೆ. ಅದನ್ನು ನೋಡಿಕೊಂಡು ನಾನು ಕಂಪ್ಯೂಟರಿನೊಳಗೆ ಸೂರ್ಯನನ್ನು ಇಡುತ್ತೇನೆ.

ಸರಳ ಕೆಲಸ, ಹೌದಲ್ಲ? ಆದರೆ ನಮ್ಮ ಜನರ ಮುಂದೆ ತಂಬಿಗೆ ಹಿಡಿದು ನೋಡಿ! ಸವಣೂರಿನ ಒಂದು ಮದುವೆಯಲ್ಲಿ ಹೆಂಗಸರು ದೂರದಿಂದ ನೋಡಿದರು: ಹಂದರದಲ್ಲಿ ತಂಬಿಗೆ, ಅದರ ಎದುರಿಗೆ ಕ್ಯಾಮೆರಾ. ನಮ್ಮ ಕಡೆ ಮದುಮಕ್ಕಳಿಗೆ ಸುರಗಿ ನೀರು ಹಾಕುವಾಗ ನಾಲ್ಕು ಮೂಲೆಗೆ ತಂಬಿಗೆ ಇಟ್ಟು ದಾರ ಸುತ್ತುತ್ತಾರೆ. ಇದೂ ಅಂಥದ್ದೇ ಯಾವುದೋ ಹೊಸ ಶಾಸ್ತ್ರ ಇರಬೇಕೆಂದು ಅವರು ತೀರ್ಮಾನಿಸಿಬಿಟ್ಟರು. ಓಡಿ ಬಂದು ತಂಬಿಗೆಗೆ ಅರಿಷಿಣ ಬಳಿದು, ಕುಂಕುಮ ಹಚ್ಚಿ, ದಾರ ಸುತ್ತಿ, ಬಾಯಿಗೆ ಐದು ವೀಳ್ಯದೆಲೆ ಇಟ್ಟು, ಮೇಲೆ ತೆಂಗಿನಕಾಯಿ ಕೂರಿಸಿ ಕೈಮುಗಿದರು. ನನ್ನ ಕೈಗೆ ಬಂದ ಚಿತ್ರದಲ್ಲಿ ಆಕಾಶವೂ ಇಲ್ಲ, ಬೆಳಕೂ ಇಲ್ಲ, ಹಳದಿ ಹೊಟ್ಟೆಯ ಒಂದು ಕಳಶವಿದೆ. ಈಗಂತೂ ಕೆಲವು ಮನೆಗಳಲ್ಲಿ ಫೋಟೊಗ್ರಾಫರ್ ಬಂದ ಕೂಡಲೇ "ತಂಬಿಗಿ ಶಾಸ್ತ್ರ ಯಾವಾಗ್ರಿ?" ಎಂದು ಕೇಳುತ್ತಾರಂತೆ. ಒಬ್ಬ ಅಯ್ಯನವರು ಅದನ್ನು ಪೂರ್ವಕ್ಕೆ ಮುಖ ಮಾಡಿ ಹಿಡಿಯಬೇಕೆಂದು ಅಪ್ಪಣೆ ಕೊಡಿಸಿದರಂತೆ. ತಂಬಿಗೆಗೆ ಮುಖ ಎಲ್ಲಿದೆ ಎಂದು ಒಬ್ಬರೂ ಅವರನ್ನು ಕೇಳಲಿಲ್ಲ.

ಇಂಥ ಜಾಣರ ನಡುವೆ ಒಂದು ದಿನ ನನ್ನ ಕೋಣೆಗೆ ಒಬ್ಬ ದೊಡ್ಡ ಮನುಷ್ಯ ಬಂದರು. ಹುಟ್ಟೂರು ತಿಳವಳ್ಳಿ, ಸವಣೂರಿನಲ್ಲಿ ಸಿಮೆಂಟು ಕಬ್ಬಿಣದ ಅಂಗಡಿ. ಬಾಯಿ ತುಂಬ ಸವಣೂರಿನ ಎಲೆ, ಬೆರಳು ತುಂಬ ಉಂಗುರ. ತೀರಿಹೋದ ಅಣ್ಣನ ಮಗಳ ಮದುವೆಯನ್ನು ತಾವೇ ಮುಂದೆ ನಿಂತು ಮಾಡುತ್ತಿದ್ದೇನೆಂದು ಕುರ್ಚಿಯಲ್ಲಿ ಕೂರುವುದಕ್ಕೆ ಮೊದಲೇ ಹೇಳಿದರು. ಕೂತ ಮೇಲೆ ಇನ್ನೊಮ್ಮೆ ಹೇಳಿದರು.

"ನೋಡ ತಂಗಿ, ತಾಳಿ ಕಟ್ಟಿ ಅಕ್ಕಿಕಾಳು ಬೀಳೂ ಹೊತ್ತಿನ್ಯಾಗ ನಮ್ಮಣ್ಣ ಮಗಳ ಬಾಜೂಕ ನಿಂತಿರಬೇಕು. ಕೈ ಎತ್ತಿ ಆಶೀರ್ವಾದ ಮಾಡಬೇಕು. ಹಿರೇರ ನೆಳ್ಳು ಇರಬೇಕಲ್ಲ ಹುಡುಗಿ ಮ್ಯಾಲೆ?"

"ನೆಳ್ಳು ಬೀಳಸೂದ ನನ್ನ ಕೆಲಸರಿ" ಎಂದೆ.

"ಖರೇ ನೆಳ್ಳು ಬೀಳಬೇಕು ಮತ್ತ. ಚಿಕ್ಕೇರೂರ ಬೀಗರು ನೋಡಾವ್ರು. ನೆಳ್ಳಿಲ್ಲದ ನಿಲ್ಲಿಸಿದಿ ಅಂದ್ರ ದೆವ್ವ ಬಂದೈತಿ ಅಂತಾರ."

ನೆರಳು ಬೇಕೆಂದು ಬಾಯಿಬಿಟ್ಟು ಕೇಳಿದ ಮೊದಲ ಗಿರಾಕಿ ಅವರೇ. ಅದೊಂದಕ್ಕೆ ನನಗೆ ಅವರ ಮೇಲೆ ಕ್ಷಣಹೊತ್ತು ಗೌರವ ಬಂತು. ಉಳಿಯಲಿಲ್ಲ.

ಅಣ್ಣನದೆಂದು ಅವರು ತಂದಿದ್ದು ಕುತ್ತಿಗೆಯವರೆಗಿನ ಎರಡು ಫೋಟೊ, ಅಷ್ಟೇ. ಮುಖ ಕಟ್ಟುವುದಕ್ಕೆ ಸಾಕು. ಮೈಗೆ ಏನು ಮಾಡಲಿ? ಎತ್ತರ, ಮೈಕಟ್ಟು, ನಿಲ್ಲುವ ರೀತಿ ಹೇಗಿತ್ತು ಎಂದು ಕೇಳಿದೆ.

"ಥೇಟ್ ನನ್ನಂಗ ನೋಡು. ನನಗಿಂತ ಒಂದು ಕೈ ಮ್ಯಾಲ. ನಿಂತ ಅಂದ್ರ ಕಂಬ ನಿಂತಂಗ. ನನ್ನ ಮೈ ತಗೊಂಡು ಅಣ್ಣನ ಮಾರಿ ಹಚ್ಚಿಬಿಡು."

ಎದ್ದು ನಿಂತೇ ಬಿಟ್ಟರು. ಅಂಗಡಿಯ ಹಿಂದಿನ ಬಯಲಿನಲ್ಲಿ ಅವರನ್ನು ನಿಲ್ಲಿಸಿ, ಸುತ್ತಲೂ ತಿರುಗಿ ಶೂಟ್ ಮಾಡಿಕೊಂಡೆ. ಎದೆ ಉಬ್ಬಿಸಿ, ಹೊಟ್ಟೆ ಒಳಗೆಳೆದು, ಬಲಗೈ ಎತ್ತಿ, ಸತ್ತ ಅಣ್ಣನ ಪರವಾಗಿ ಗಾಳಿಗೆ ಆಶೀರ್ವಾದ ಮಾಡಿದರು. ಝೆರಾಕ್ಸಿಗೆ ಬಂದವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ಸಿಮೆಂಟಿನ ಸಾಹುಕಾರರಿಗೆ ಅದು ಮತ್ತಷ್ಟು ಹುರುಪು ಕೊಟ್ಟಿತು.

ಯಾರು ಯಾರು ಎಲ್ಲೆಲ್ಲಿ ನಿಲ್ಲುತ್ತಾರೆಂದು ಬರೆದುಕೊಳ್ಳುವಾಗ, "ಹುಡುಗಿ ತಾಯಿ ಎಲ್ಲಿ ನಿಲ್ತಾರ್ರಿ?" ಎಂದು ಕೇಳಿದೆ.

"ವೈನಿ? ವೈನಿ ಮುಂದ ಬರೂದಿಲ್ಲ ಬಿಡು. ಶುಭ ಕಾರ್ಯ ಅಲ್ಲೇನು? ಧಾರಿ ಎರಿಯಾವ್ರು ನಾನು, ನಮ್ಮಾಕಿ. ಫೋಟೊದವಗೂ ಹೇಳೇನಿ, ಆಕಿ ಮ್ಯಾಲೆ ಕ್ಯಾಮೆರಾ ತಿರುಗಬಾರದು ಅಂತ. ಸುಮ್ಮನ ಅಪಶಕುನ ಯಾಕ?"

ಸತ್ತವನು ಅಕ್ಕಿಕಾಳಿಗೆ ಬರಬಹುದು, ಕೈ ಎತ್ತಬಹುದು, ಅಪಶಕುನವಿಲ್ಲ. ಅವನ ಜೊತೆ ಸಾಯದೆ ಉಳಿದವಳು ಬಂದರೆ ಅಪಶಕುನ. ಇದನ್ನು ಹೇಳುವಾಗ ಅವರ ಮುಖದಲ್ಲಿ ನಾಚಿಕೆ ಇರಲಿ, ಅನುಮಾನ ಕೂಡ ಇರಲಿಲ್ಲ. ನಾನು ಈ ಮಾತು ಎಷ್ಟೋ ಮದುವೆಗಳಲ್ಲಿ ಕೇಳಿದ್ದೆ. ಮದುವೆಯಾಗದೆ ಉಳಿದ ನನ್ನನ್ನೇ ಹಂದರದಲ್ಲಿ ಎಲ್ಲಿ ನಿಲ್ಲಿಸಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಆದ್ದರಿಂದಲೇ ನಾನು ಮದುವೆಗಳಿಗೆ ಹೋಗುವುದನ್ನು ಬಿಟ್ಟು, ಕೋಣೆಯಲ್ಲಿ ಕೂತು ಅವನ್ನು ನೋಡುತ್ತೇನೆ.

ತಿಳವಳ್ಳಿಯಲ್ಲಿ ಮನೆಯ ಮುಂದೆಯೇ ಹಂದರ ಹಾಕಿ ಮದುವೆ ಮಾಡಿದರು. ಶೂಟ್ ಮಾಡಿದವನು ಶಿಗ್ಗಾಂವಿಯ ಫೋಟೊಗ್ರಾಫರ್. ಒಳ್ಳೆಯ ಮನುಷ್ಯ, ಆದರೆ ಬೆನ್ನುಮೂಳೆಯಿಲ್ಲ. ಯಾರು ಏನು ಹೇಳಿದರೂ ಹೂಂ ಅನ್ನುವುದೇ ಅವನ ಧರ್ಮ. ಅವನು ತಂದ ಕಾರ್ಡಿನಲ್ಲಿ ಮೊದಲು ಹುಡುಕಿದ್ದು ತಂಬಿಗೆಯ ಕ್ಲಿಪ್ಪು. ಈ ಸಲ ಅರಿಷಿಣ ಕುಂಕುಮ ಇಲ್ಲ, ತಂಬಿಗೆ ತಂಬಿಗೆಯಾಗಿಯೇ ಇತ್ತು. ಯಾರೋ ಒಬ್ಬ ಹೆಣ್ಣುಮಗಳು ಹಿಡಿದು ನಿಂತಿದ್ದರು. ಹಂದರದ ಅಂಚಿನಿಂದ ಓರೆಯಾಗಿ ಬಂದ ಎಳೆಬಿಸಿಲು, ಸಾರಿಸಿದ ನೆಲದ ಮೇಲೆ ಉದ್ದನೆಯ ನೆರಳು. ಶಿವನೇ, ಎಂಥ ಚಂದದ ನೆರಳು ಎಂದುಕೊಂಡೆ. ತಂಬಿಗೆ ನೋಡಿದೆ, ನೆಲ ನೋಡಿದೆ, ಬೇಕಾದ್ದು ತೆಗೆದುಕೊಂಡು ಕ್ಲಿಪ್ಪನ್ನು ಬದಿಗೆ ಸರಿಸಿದೆ.

ಅಣ್ಣನನ್ನು ಕಟ್ಟುವುದರಲ್ಲಿ ನನ್ನ ಜೀವ ಅರ್ಧವಾಯಿತು. ಜನ ಎರಚಿದ ಅಕ್ಕಿ ಅವರ ಮುಂದಿನಿಂದ ಬೀಳಬೇಕು. ಬಂಧು ಬಳಗದ ಒಂದು ಕೂಸು ಅವರು ನಿಲ್ಲುವ ಜಾಗದಲ್ಲೇ ಓಡಿಹೋಗಿತ್ತು. ಕೂಸನ್ನು ಒಂದೊಂದೇ ಚಿತ್ರದಲ್ಲಿ ಕತ್ತರಿಸಿ ಅವರ ಮುಂದೆ ತಂದೆ, ಅದರ ನೆರಳು ಅವರ ಧೋತರದ ಮೇಲೆ ಹಾಯುವಂತೆ ಮಾಡಿದೆ. ಕೊನೆಗೆ ಅವರು ನಿಂತರು. ಮಗಳ ಬಲಕ್ಕೆ, ಎದೆ ಉಬ್ಬಿಸಿ, ಕೈ ಎತ್ತಿ. ನೆರಳು ಮಗಳ ಸೀರೆಯ ಅಂಚನ್ನು ಮುಟ್ಟಿ ಹಂದರದ ಕಂಬದವರೆಗೆ ಚಾಚಿತ್ತು. ನಾನು ಇದುವರೆಗೆ ಮಾಡಿದ ಕೆಲಸದಲ್ಲಿ ಅದಕ್ಕಿಂತ ಚೊಕ್ಕವಾದದ್ದು ಇಲ್ಲ, ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಸಂಕೋಚವೂ ಇಲ್ಲ.

ಚಿಕ್ಕೇರೂರಿನಲ್ಲಿ ಬೀಗರು ಟೀವಿಗೆ ಹಚ್ಚಿಕೊಂಡು ನೋಡಿದರಂತೆ, ಅತ್ತರಂತೆ. ಸಿಮೆಂಟಿನ ಸಾಹುಕಾರರು ಫೋನ್ ಮಾಡಿ, ಬೀಗರು ಹೊಗಳಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದರು. ಇದ್ದಾಗ ಈ ಅಣ್ಣನನ್ನು ಯಾರು ಕೇಳುತ್ತಿದ್ದರೋ ನನಗೆ ಗೊತ್ತಿಲ್ಲ. ಈಗ ಅವರು ದೇವರಂಥ ಮನುಷ್ಯ, ಊರಿಗೆ ದೊಡ್ಡವರು. ಸತ್ತ ಎಮ್ಮೆ ಸೇರುಗಟ್ಟಲೆ ಹಾಲು ಕರೆಯುತ್ತಿತ್ತಂತೆ.

ಕೆಲವು ದಿನಗಳಾದ ಮೇಲೆ ಮದುಮಗಳು ಫೋನ್ ಮಾಡಿದಳು. ದನಿ ಬಹಳ ಸಣ್ಣದಿತ್ತು, ಮನೆಯವರಿಗೆ ಕೇಳಬಾರದೆಂದು ಮಾತಾಡುವ ಹಾಗೆ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನಮ್ಮವ್ವನ ಪಾರ್ಟು ಬಿಟ್ಟುಹೋಗೈತ್ರಿ."

"ಯಾವ ಪಾರ್ಟು? ನಿಮ್ಮವ್ವನ ತಗೀಲೇ ಇಲ್ಲಲ್ಲ?"

"ತಗದಾರ್ರಿ. ಆಕೀನ ಬ್ಯಾರೇ ನಿಲ್ಲಿಸಿ, ಕೈಯಾಗ ತಂಬಿಗಿ ಕೊಟ್ಟು ತಗದಾರಂತ. ತಂಬಿಗಿ ಶಾಸ್ತ್ರಕ್ಕ ನನ್ನ ಕರದ್ರು ಅಂತ ಓಣ್ಯಾಗ ಎಲ್ಲಾರಿಗೂ ಹೇಳ್ಯಾಳ. ಮೊನ್ನೆ ತವರಿಗೆ ಹೋಗಿದ್ದೆ. ಮಗ್ಗಲ ಮನ್ಯಾವ್ರನ್ನೆಲ್ಲಾ ಕರದು ಕುಂದರ್ಸಿ ಟೀವಿ ಹಚ್ಚಿದ್ಲರಿ. ಒಂದೊಂದು ಸೀನು ಮುಗದಾಗೂ, ಈಗ ಬರ್ತೇನಿ ನೋಡ್ರಿ, ಈಗ ಬರ್ತೇನಿ ಅಂತಾಳ. ಮುಗದಹೋತ್ರಿ. ಇನ್ನೊಂದು ಭಾಗ ಐತೇನವಾ ಅಂತ ನನ್ನ ಕೇಳಿದ್ಲು."

ಏನಾದರೂ ಕೇಳಬೇಕಲ್ಲ ಎಂದು, "ನಿಮ್ಮಪ್ಪನ್ನ ನೋಡಿ ನಿಮ್ಮವ್ವ ಏನಂದ್ರು?" ಎಂದೆ.

"ಏನೂ ಅನ್ನಲಿಲ್ರಿ. ಸುಮ್ಮನ ನೋಡಿದ್ಲು."

ಫೋನ್ ಇಟ್ಟು ಶಿಗ್ಗಾಂವಿಯ ಫೋಟೊಗ್ರಾಫರನಿಗೆ ಹಚ್ಚಿದೆ.

"ಅಯ್ಯ ಅಕ್ಕಾರ, ಮುತ್ತೈದೇರೆಲ್ಲಾ ಒಳಗ ಸುರಗಿಗೆ ಕುಂತಿದ್ರು. ಆಕಿ ಒಬ್ಬಾಕಿನ ಹೊರಗ ಅಡಗಿ ಒಲಿ ಹತ್ರ ನಿಂತಿದ್ಲು. ಯಾರರ ಒಬ್ರು ಬೇಕಲ್ಲ? ಬಾರವಾ, ತಂಬಿಗಿ ಹಿಡಕೊಂಡು ನಿಲ್ಲ ಅಂದೆ. ಅರಿಷಿಣ ಹಚ್ಚಾಕೂ ಯಾರೂ ಬರಲಿಲ್ಲ ನೋಡ್ರಿ, ಕ್ಲಿಪ್ ಚೊಲೋ ಬಂತು."

ಚೊಲೋ ಬಂತಂತೆ. ಅಡುಗೆ ಒಲೆಯ ಹತ್ತಿರ ದಬ್ಬಿಸಿಕೊಂಡ ತಾಯಿಯನ್ನು ನನ್ನ ತಂಬಿಗೆಗೆ ಗೂಟ ಮಾಡಿ ನಿಲ್ಲಿಸಿದ್ದಾನೆ, ಅದಕ್ಕೆ ಶಹಭಾಸ್ ಬೇರೆ ಬೇಕು ಇವನಿಗೆ. ನಾಲ್ಕು ಬೈದು ಫೋನ್ ಇಟ್ಟೆ.

ಆಮೇಲೆ ಆ ಕ್ಲಿಪ್ಪನ್ನು ಹುಡುಕಿ ತೆಗೆದೆ. ತಂಬಿಗೆಯ ಕ್ಲಿಪ್ಪಿಗೆ ನಾನು ಎಂದೂ ಸದ್ದು ಹಚ್ಚುವುದಿಲ್ಲ, ಬೇಕಾಗುವುದೂ ಇಲ್ಲ. ಅವತ್ತು ಹಚ್ಚಿದೆ.

ಆಕೆ ಬಂದು, ಮುಂದೆ ಮದುಮಕ್ಕಳು ನಿಲ್ಲಲಿದ್ದ ಜಾಗದ ಪಕ್ಕದಲ್ಲೇ ನಿಂತರು. ತಂಬಿಗೆಯನ್ನು ಮೊದಲು ಸೆರಗಿನಿಂದ ಒರೆಸಿದರು. ಆಮೇಲೆ ಕೈ ಒರೆಸಿಕೊಂಡರು, ಒಲೆಯ ಬೂದಿ ಹತ್ತಿತ್ತೇನೋ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ತಂಬಿಗೆಯನ್ನು ಎರಡೂ ಕೈಯಿಂದ ಎದೆಯ ಮಟ್ಟಕ್ಕೆ ಹಿಡಿದು, ಕ್ಯಾಮೆರಾವನ್ನು ನೆಟ್ಟಗೆ ನೋಡಿದರು. ನಗಬೇಕೋ ಬೇಡವೋ ಎಂದು ಅನುಮಾನಿಸಿ ನಕ್ಕರು. ಫೋಟೊಗ್ರಾಫರ್ "ಆತ್ರಿ" ಎಂದ. ಆಕೆ ಅಲ್ಲಾಡಲಿಲ್ಲ.

"ಮಗಳ ಕೂಡ ಬರ್ತೈತೇನಪಾ ಇದು? ಅಕ್ಕಿಕಾಳಿನ್ಯಾಗ?"

"ಹೂಂ, ಬರ್ತೈತಿ ಬರ್ತೈತಿ. ತಂಬಿಗಿ ಕೊಡ್ರಿ ಇತ್ತ."

ಆ ಹೂಂ ಕೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಆ ಒಂದು ಹೂಂ ನಂಬಿ ಆಕೆ ಓಣಿಯವರನ್ನೆಲ್ಲ ಕರೆದು ಕೂರಿಸಿದ್ದರು.

ನಾನು ಮಾಡಿದ್ದು ಇಷ್ಟು. ಅಕ್ಕಿಕಾಳು ಶುರುವಾಗುವ ಮೊದಲು ಆ ಕ್ಲಿಪ್ಪನ್ನು ಇಡಿಯಾಗಿ ಇಟ್ಟೆ. ಅದರ ಮೇಲೆ ಒಂದು ಗೆರೆ ಕೂಡ ಎಳೆಯಲಿಲ್ಲ, ಬಣ್ಣ ತಿದ್ದಲಿಲ್ಲ. ಬಿಸಿಲು, ನೆರಳು, ಸೆರಗು, ಎಲ್ಲ ಇದ್ದ ಹಾಗೆ. ಮದುಮಗಳಿಗೆ ಕಳಿಸಿ, ಹಳೆಯದನ್ನು ಅಳಿಸಿ ಇದನ್ನು ಇಟ್ಟುಕೋ ಎಂದೆ. ಅವಳು ಅದನ್ನು ಗಂಡನ ಮನೆಯಲ್ಲಿ ಹಚ್ಚಿದಳು, ಬೀಗರು ಚಿಕ್ಕಪ್ಪನಿಗೆ ಫೋನ್ ಮಾಡಿದರು, ಚಿಕ್ಕಪ್ಪ ಎಲೆ ಉಗುಳುವುದನ್ನೂ ಮರೆತು ಸವಣೂರಿನಿಂದ ನನ್ನ ಕೋಣೆಗೆ ಬಂದರು.

"ಯಾರ್ನ ಕೇಳಿ ಹಾಕಿದಿ ನೀ ಅದನ್ನ? ಗಂಡ ಸತ್ತಾಕಿನ ಅಕ್ಕಿಕಾಳಿಗೆ ಹಚ್ಚಿ ತೋರಸ್ತಿಯೇನು? ಬೀಗರ ಮುಂದ ಮೂಗು ಹೋತಲ್ಲ ನಂದು!"

"ಮೂಗು ಇಲ್ಲೇ ಐತ್ರಿ, ಕಾಣ್ತೈತಿ. ಸತ್ತಾವ ಎದ್ದು ಬಂದು ಕೈ ಎತ್ತಿದ್ರ ಹೂವಿನ ಹಾರ ಹಾಕ್ತೀರಿ, ಬದುಕಿದ್ದಾಕಿ ತಂಬಿಗಿ ಹಿಡಕೊಂಡು ನಿಂತ್ರ ನಿಮ್ಮ ಮೂಗು ಹೋಗ್ತೈತೇನ್ರಿ?"

"ನಿನಗ ಲಗ್ನ ಆಗಿಲ್ಲ, ನಿನಗೇನು ತಿಳೀತೈತಿ?"

"ಆಗಿಲ್ಲ, ಅದಕ್ಕ ತಿಳಿಯಾಕತ್ತೈತ್ರಿ."

ಅವರ ಮುಖ ಕೆಂಪಾಯಿತು. ಝೆರಾಕ್ಸ್ ಯಂತ್ರ ಆ ಕಡೆ ಹೊಡೆದುಕೊಳ್ಳುತ್ತಲೇ ಇತ್ತು. ಕೊನೆಗೆ ಬೆರಳು ನನ್ನ ಕಡೆ ತೋರಿಸಿ ಹೇಳಿದರು, "ಆಕೀನ ಕರಕೊಂಡ ಬರ್ತೇನಿ. ಆಕಿನ ಬಾಯಿಲೆ ಬ್ಯಾಡ ಅನಸ್ತೇನಿ. ಆಗ ತಗೀತಿಯಿಲ್ಲೋ?"

ಆಕೆಯೇ ಬೇಡವೆಂದರೆ ತೆಗೆಯುತ್ತೇನೆ ಎಂದೆ. ಅನ್ನದೆ ಗತಿಯಿರಲಿಲ್ಲ. ಆಕೆ ಬೇಡ ಅನ್ನುತ್ತಾರೆಂದು ನನಗೂ ಗೊತ್ತಿತ್ತು. ಅನ್ನದೆ ಏನು ಮಾಡುತ್ತಾರೆ? ಮಗಳು ಆ ಮನೆಯಲ್ಲಿ ಬಾಳಬೇಕು, ಮದುವೆ ಮಾಡಿಸಿದ ಮೈದುನ ಎದುರಿಗೆ ನಿಂತಿರುತ್ತಾನೆ. ಈ ಜನ ಹೆಣ್ಣನ್ನು ಹೊರಗೆ ದಬ್ಬುವುದಷ್ಟೇ ಅಲ್ಲ, ನಾನೇ ಹೊರಗೆ ನಿಲ್ಲುತ್ತೇನೆ ಎಂದು ಅವಳ ಬಾಯಿಂದಲೇ ಹೇಳಿಸುತ್ತಾರೆ. ಅಂದಿನವರೆಗೆ ನನಗೆ ಈ ಗಿರಾಕಿಗಳನ್ನು ಕಂಡರೆ ನಗೆ ಬರುತ್ತಿತ್ತು, ಅಂದಿನಿಂದ ಅಸಹ್ಯ ಬರುತ್ತದೆ.

ಮರುದಿನವೇ ಕಾರಿನಲ್ಲಿ ಕೂರಿಸಿಕೊಂಡು ಬಂದರು. ಆಕೆ ಕ್ಲಿಪ್ಪಿನಲ್ಲಿ ಕಂಡದ್ದಕ್ಕಿಂತ ಗಿಡ್ಡ. ಕುರ್ಚಿಯ ತುದಿಗೆ ಕೂತು, ಕೋಣೆಯನ್ನೆಲ್ಲ ನೋಡಿ, "ಸಿನೆಮಾ ಮಾಡಾಕಿ ನೀನ ಏನವಾ?" ಎಂದು ಕೇಳಿದರು. ಹೌದೆಂದೆ. ಚಹ ತರಿಸಿದೆ, ಕುಡಿಯಲಿಲ್ಲ.

"ವೈನಿ, ಇಕಿ ಎಡವಟ್ಟು ಮಾಡ್ಯಾಳ. ನಿನ್ನ ಅಕ್ಕಿಕಾಳಿನ್ಯಾಗ ಹಾಕ್ಯಾಳ. ಮಗಳ ಬಾಳೇವು ಅದು, ಹುಡುಗಾಟ ಅಲ್ಲ. ಬ್ಯಾಡ ಅಂತ ನೀನ ಹೇಳಿಬಿಡು, ಮುಗೀಲಿ" ಎಂದರು ಮೈದುನ.

ಆಕೆ ತಲೆ ತಗ್ಗಿಸಿದರು.

"ಒಮ್ಮೆ ನೋಡ್ತೇನಿ ತಡಿ ತಮ್ಮಾ" ಎಂದರು. "ನನ್ನ ಪಾರ್ಟು ಇನ್ನಾ ನೋಡಿಲ್ಲ ನಾನು."

ಹಚ್ಚಿದೆ. ಪರದೆಯ ಮೇಲೆ ಆಕೆ ಬಂದು ತಂಬಿಗೆ ಒರೆಸಿದರು, ಸೆರಗು ಎಳೆದುಕೊಂಡರು, ನಕ್ಕರು. ಕುರ್ಚಿಯ ಮೇಲಿನ ಆಕೆ ಬಾಯಿಗೆ ಸೆರಗು ಹಿಡಿದು ನೋಡುತ್ತಿದ್ದರು. ಮೈದುನ ಗೋಡೆಯ ಕಡೆ ಮುಖ ಮಾಡಿದ್ದರು. ನಾನು ನಿಲ್ಲಿಸಲಿಲ್ಲ, ಚಿತ್ರ ಮುಂದಕ್ಕೆ ಹೋಯಿತು. ಅಕ್ಕಿಕಾಳು ಬಿದ್ದವು, ವಾಲಗ ಮೊಳಗಿತು, ಮಗಳ ಪಕ್ಕದಲ್ಲಿ ಅಪ್ಪ ಕೈ ಎತ್ತಿ ನಿಂತರು.

"ಇದನ್ನ ಹಿಡಿ ಇಲ್ಲೇ" ಎಂದರು ಆಕೆ.

ಚಿತ್ರ ನಿಂತಿತು. ಆಕೆ ಎದ್ದು ಪರದೆಯ ಹತ್ತಿರ ಬಂದರು. ಮುಖ ನೋಡಿದರು, ಕಾಲು ನೋಡಿದರು.

"ಟೀವ್ಯಾಗ ನೋಡಿದಾಗಿಂದ ಕೇಳಬೇಕಂತಿದ್ದೆ. ಇವ್ರು ಯಾರವಾ?"

ಮೈದುನ ತಿರುಗಿದರು. "ಅಣ್ಣ, ವೈನಿ! ಗುರುತು ಸಿಗವಲ್ದೇನು?"

"ಮಾರಿ ಅವರದ ಐತಿ" ಎಂದರು ಆಕೆ. ದನಿಯಲ್ಲಿ ಸಿಟ್ಟಿರಲಿಲ್ಲ, ಬಜಾರದಲ್ಲಿ ಸೀರೆಯ ನೂಲು ನೋಡಿ ಹೇಳುವಂತೆ ಹೇಳಿದರು. "ಆದ್ರ ಅವ್ರು ಹಿಂಗ ನಿಲ್ತಿದ್ದಿಲ್ಲ. ಟ್ರ್ಯಾಕ್ಟರ್ ಮ್ಯಾಲಿಂದ ಬಿದ್ದಾಗಿಂದ ಎಡಗಾಲು ಊರಾಕ ಬರ್ತಿದ್ದಿಲ್ಲ ಅವ್ರಿಗೆ. ಎಲ್ಲಿ ಹೋದ್ರೂ, ಯಾರ ಲಗ್ನಕ್ಕ ಹೋದ್ರೂ, ನನ್ನ ಹೆಗಲ ಮ್ಯಾಲೆ ಕೈ ಇಟ್ಟನ ನಿಲ್ತಿದ್ರು. ನಾ ಸರದ್ರ ಬೀಳ್ತಿದ್ರು." ಆಮೇಲೆ ನನ್ನ ಕಡೆ ತಿರುಗಿದರು. "ನಾ ಇಲ್ಲದ ಇವ್ರನ್ನ ಹೆಂಗ ನಿಲ್ಲಿಸಿದ್ಯವಾ ನೀ?"

ನಾನು ಮೈದುನನನ್ನು ನೋಡಿದೆ. ಥೇಟ್ ನನ್ನಂಗ ಎಂದಿದ್ದವರು ಬೆರಳಿನ ಉಂಗುರ ತಿರುಗಿಸತೊಡಗಿದ್ದರು. ಹೊರಗೆ ಹೋಗುವುದಕ್ಕೆ ಬಾಗಿಲು ಹತ್ತಿರದಲ್ಲೇ ಇತ್ತು, ಆದರೆ ಅವರಿಗೆ ಅಷ್ಟು ಬುದ್ಧಿಯೂ ಹೊಳೆಯಲಿಲ್ಲ.

"ವೈನಿ, ಬೀಗರ ಮುಂದ ಕುಂಟ ಅಂತ ತೋರ್ಸೂದು ಹೆಂಗ..."

"ಗೊತ್ತು ಬಿಡ ತಮ್ಮಾ." ಆಕೆ ಸೆರಗು ಸರಿಪಡಿಸಿಕೊಂಡು ಮತ್ತೆ ಪರದೆಯನ್ನು ನೋಡಿದರು. ಆ ನೋಟದಲ್ಲಿ ಎದೆ ಉಬ್ಬಿಸಿ ನಿಂತ ಆ ಗಂಡಸಿಗೂ, ಅವನನ್ನು ಕಟ್ಟಿದ ನನಗೂ, ಕಟ್ಟಿಸಿದವರಿಗೂ ಸಮನಾಗಿ ಸಲ್ಲುವಷ್ಟು ತಿರಸ್ಕಾರವಿತ್ತು. ಅಷ್ಟು ತಿರಸ್ಕಾರ ನನ್ನಿಂದ ಒಂದು ದಿನವೂ ಆಗಿಲ್ಲ.

"ಇವ್ರು ನಮ್ಮಾವ್ರಲ್ಲ. ಇವ್ರನ್ನ ತಗದಬಿಡವಾ" ಎಂದರು. "ನಾ ಇರ್ತೇನಿ."

ಅವರಿಬ್ಬರ ಕಣ್ಣೆದುರಿಗೇ ತೆಗೆದೆ.